ಗುಣದ ಸಹಿ, ದೋಷದ ಸಹಿ

ನಮ್ಮ ಸಂಘದ ಪತ್ರಿಕೆಗೆ ಕಾಮರ್ಸಿನವರು ಬರೆಯುವುದು ಅಪರೂಪ. ಬರೆದರೂ ಕೊನೆಯ ಪುಟದ ಜಮಾ-ಖರ್ಚು ಮಾತ್ರ. ಎರಡು ವರ್ಷದಿಂದ ಅದನ್ನು ಬರೆಯುತ್ತಿರುವವನು ನಾನೇ. ಈ ಸಲ ಸಂಪಾದಕ ಮಹಾಶಯರು ಕ್ಯಾಂಟೀನಿನಲ್ಲಿ ಹಿಡಿದು, "ಲೆಕ್ಕ ಬಿಟ್ಟು ಬೇರೆ ಏನಾದ್ರೂ ಬರಿಯೋ ಮಾರಾಯ" ಅಂದರು. ಒಪ್ಪಿಕೊಂಡೆ. ಆದರೆ ಬರೆಯಲು ಕೂತ ಮೇಲೆ ಗೊತ್ತಾಯಿತು, ಇದೂ ಲೆಕ್ಕದ ವಿಷಯವೇ. ಸಾಹಿತ್ಯದ ಮಿತ್ರರು ಕ್ಷಮಿಸಬೇಕು.

ಕಾಲೇಜು ಮುಗಿಸಿ ಮಧ್ಯಾಹ್ನದ ಮೇಲೆ ನಾನು ಫೋರ್ಟಿನಲ್ಲಿ ಒಬ್ಬ ಲೆಕ್ಕಪರಿಶೋಧಕರ ಆಫೀಸಿಗೆ ಹೋಗುತ್ತೇನೆ. ವೋಚರುಗಳಿಗೆ ಟಿಕ್ ಹಾಕುವ ಕೆಲಸ. ಹೋದ ವರ್ಷ ಮಳೆಗಾಲದಲ್ಲಿ ಸಾಹೇಬರು ಕರೆದು, "ಬಾಳಾ, ನಿನ್ನ ಅಕ್ಷರ ಚೆನ್ನಾಗಿದೆ. ನಾಲ್ಕು ಭಾನುವಾರ ಮನೆಗೆ ಬಾ, ಒಂದು ಪಟ್ಟಿ ಮಾಡಬೇಕು" ಅಂದರು. ವಿಮೆಗೆ ಕೊಡುವ ಪಟ್ಟಿಯಂತೆ. ಚಿನ್ನ ಇರಬಹುದು, ಷೇರು ಪತ್ರ ಇರಬಹುದು ಅಂದುಕೊಂಡು ದಾದರಿನ ಅವರ ಮನೆಗೆ ಹೋದೆ. ಗಾಜಿನ ಬಾಗಿಲಿನ ಒಂದು ಬೀರು ತೋರಿಸಿದರು. ಒಳಗೆ ಅರವತ್ತೊಂದು ಪುಸ್ತಕ. ಅಷ್ಟೂ ಮಕ್ಕಳ ಪುಸ್ತಕ! ಮೊಲ, ಕರಡಿ, ಭೂತ, ಟೋಪಿ ಹಾಕಿಕೊಂಡ ಬೆಕ್ಕು. ಅರವತ್ತೆಂಟು ವರ್ಷದ ಮನುಷ್ಯ, ಆಫೀಸಿನಲ್ಲಿ ಅವರ ಮುಂದೆ ಕಕ್ಷಿದಾರರು ನಡುಗುತ್ತಾರೆ, ಇಲ್ಲಿ ನೋಡಿದರೆ ಬಿಳಿ ಹತ್ತಿಯ ಕೈಚೀಲ ಹಾಕಿಕೊಂಡು ಮೊಲದ ಪುಸ್ತಕ ಎತ್ತಿಕೊಡುತ್ತಿದ್ದಾರೆ. ನನಗೂ ಒಂದು ಜೊತೆ ಕೈಚೀಲ ಕೊಟ್ಟರು.

ಪಟ್ಟಿಗೆ ಅವರು ಹಾಕಿಸಿದ ಕಾಲಮ್ಮುಗಳು ಇವು: ಹೆಸರು, ಬರೆದವರು, ಚಿತ್ರ ಬಿಡಿಸಿದವರು, ಪ್ರಕಾಶಕರು, ವರ್ಷ, ಯಾವ ಮುದ್ರಣ, ಸಹಿ, ಸ್ಥಿತಿ, ದೋಷ, ಬೆಲೆ. ಕೊನೆಯ ಕಾಲಮ್ಮಿನ ಅಂಕಿಗಳನ್ನು ಇಲ್ಲಿ ಬರೆದರೆ ನಮ್ಮ ಹಾಸ್ಟೆಲಿನವರು ಯಾರಾದರೂ ಆ ಮನೆಗೆ ಕನ್ನ ಹಾಕಿಯಾರು. ಅಷ್ಟೇ ಹೇಳುತ್ತೇನೆ, ಒಂದು ತೆಳ್ಳನೆಯ ಪುಸ್ತಕದ ಬೆಲೆಯಲ್ಲಿ ನನ್ನ ಮೂರು ವರ್ಷದ ಫೀಸು ಕಟ್ಟಿ ಉಳಿದ ದುಡ್ಡಿನಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ ಮಾಡಬಹುದು, ಅದೂ ಊಟದ ಸಮೇತ.

ಮೊದಲ ಭಾನುವಾರವೆಲ್ಲ ಪಾಠವೇ ಆಯಿತು. ನಮ್ಮ ಕನ್ನಡ ಪುಸ್ತಕಗಳಲ್ಲಿ ಒಳಪುಟ ತೆರೆದರೆ ಸಾಕು, 'ಮೊದಲ ಮುದ್ರಣ' ಅಂತ ಇರುತ್ತದೆ, ಕೆಳಗೆ 'ಪ್ರತಿಗಳು: 1000' ಅಂತಲೂ ಎಷ್ಟೋ ಪುಸ್ತಕಗಳಲ್ಲಿ ಇರುತ್ತದೆ. ಎಂಥ ಪ್ರಾಮಾಣಿಕ ಜನ ನಾವು! ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಪತ್ತೇದಾರಿ ಕೆಲಸ. ಕೆಲವರು ಒಂದರಿಂದ ಹತ್ತರವರೆಗಿನ ಅಂಕಿಗಳ ಒಂದು ಸಾಲು ಹಾಕಿರುತ್ತಾರೆ, ಪ್ರತಿ ಮರುಮುದ್ರಣಕ್ಕೂ ಒಂದೊಂದು ಅಂಕಿ ಕಿತ್ತುಹಾಕುತ್ತಾರೆ. ಒಂದು ಉಳಿದಿದ್ದರೆ ಅದು ಮೊದಲ ಮುದ್ರಣ. ಹಳೆಯ ಪುಸ್ತಕಗಳಿಗೆ ಅದೂ ಇಲ್ಲ. ಅಮೆರಿಕದ ಮಾರಿಸ್ ಸೆಂಡಾಕ್ ಬರೆದು ಚಿತ್ರಿಸಿದ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' 1963ರಲ್ಲಿ ಬಂತು. ಅದಕ್ಕೆ ಮಾರನೇ ವರ್ಷ ಕಾಲ್ಡೆಕಾಟ್ ಪದಕ ಸಿಕ್ಕಿತು. ಹಾಗಾಗಿ ಹೊರಗಿನ ಕಾಗದದ ಹೊದಿಕೆಯ ಮೇಲೆ ಪದಕದ ಸುದ್ದಿ ಇದ್ದರೆ ಅದು ಮೊದಲನೆಯದಲ್ಲ. ಅಂದರೆ ಬಹುಮಾನ ಬಂದ ಪ್ರತಿಗೆ ಬೆಲೆ ಕಡಿಮೆ, ಬಹುಮಾನದ ಸುದ್ದಿಯೇ ಗೊತ್ತಿಲ್ಲದ ಪ್ರತಿಗೆ ಬೆಲೆ ಜಾಸ್ತಿ. ಹೊದಿಕೆಯ ಮೂಲೆಯಲ್ಲಿ ಮೂರೂವರೆ ಡಾಲರ್ ಅಂತ ಬೆಲೆ ಮುದ್ರಿಸಿರಬೇಕು. ಆ ಮೂಲೆ ಕತ್ತರಿಸಿಹೋಗಿದ್ದರೆ ಅದೂ ದೋಷ. ಯಾಕೆ ಕತ್ತರಿಸಿರುತ್ತಾರೆ ಗೊತ್ತೇ? ಯಾರೋ ಮಾವನೋ ಅತ್ತೆಯೋ ಮಗುವಿಗೆ ಉಡುಗೊರೆ ಕೊಡುವಾಗ ಬೆಲೆ ಕಾಣಬಾರದೆಂದು ಮರ್ಯಾದೆಗೆ ಕತ್ತರಿಸಿದ್ದು. ಈ ಶಾಸ್ತ್ರದಲ್ಲಿ ಉಡುಗೊರೆ ಕೊಟ್ಟದ್ದೂ ಒಂದು ಅಪರಾಧ.

ಎರಡನೇ ಭಾನುವಾರ ನನ್ನ ತಲೆ ಕೆಟ್ಟದ್ದು.

ಬೀಟ್ರಿಕ್ಸ್ ಪಾಟರಳ 'ಪೀಟರ್ ರ‍್ಯಾಬಿಟ್' ಪುಸ್ತಕ ಬಂತು. ಸಾಹೇಬರ ಹತ್ತಿರ ಇರುವುದು ಮೊದಲ ಮುದ್ರಣವಲ್ಲ, ಸಹಿಯೂ ಇಲ್ಲ. ಅದರ ಬಗ್ಗೆ ಅವರಿಗೆ ಮನೆಮಂದಿಯ ಮದುವೆ ತಪ್ಪಿಹೋದಷ್ಟು ಸಂಕಟ. ಮೊದಲ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಗುಂಡಗೆ ಒಂದು ಹುಡುಗಿಯ ಹೆಸರು, ಕೆಳಗೆ ವಯಸ್ಸು, ಆರೂವರೆ. ನಾನು ಉತ್ಸಾಹದಿಂದ ಅದನ್ನು 'ಸಹಿ' ಕಾಲಮ್ಮಿನಲ್ಲಿ ಬರೆದುಬಿಟ್ಟೆ. ಸಾಹೇಬರು ನೋಡಿ ನಕ್ಕು, "ಅದು ದೋಷದ ಕಾಲಮ್ಮಿಗೆ" ಅಂದರು. ಹಿಂದಿನ ಮಾಲೀಕರ ಹೆಸರಂತೆ, ಬೆಲೆ ಕಡಿಮೆಯಾಗುತ್ತದಂತೆ. ರಬ್ಬರಿನಿಂದ ಉಜ್ಜಿ ಆ ಕಡೆಯಿಂದ ಈ ಕಡೆಗೆ ಬರೆದೆ.

ಬರೆದದ್ದು ಬರೆದೆ, ಆದರೆ ಅಲ್ಲಿಂದ ಇಲ್ಲಿಯವರೆಗೆ ಅದು ನನ್ನನ್ನು ಬಿಟ್ಟಿಲ್ಲ. ಅದೇ ಖಾಲಿ ಪುಟ. ಅದರ ಮೇಲೆ ಬರೆದವರ ಕೈ ಬಿದ್ದರೆ ಬೆಲೆ ಹತ್ತು ಪಾಲು ಏರುತ್ತದೆ, ಓದಿದವರ ಕೈ ಬಿದ್ದರೆ ಇಳಿಯುತ್ತದೆ. ಆರೂವರೆ ವರ್ಷದ ಆ ಹುಡುಗಿ ಅಲ್ಲವೇ ಆ ಪುಸ್ತಕ ಹುಟ್ಟಿದ್ದಕ್ಕೆ ಕಾರಣ? ಅವಳಿಗಾಗಿ ತಾನೇ ಬರೆದದ್ದು?

ಪಾಟರಳ ಕಥೆಯನ್ನೇ ನೋಡಿ. 1893ರಲ್ಲಿ ಖಾಯಿಲೆ ಮಲಗಿದ್ದ ಐದು ವರ್ಷದ ಒಬ್ಬ ಹುಡುಗನಿಗೆ ಆಕೆ ಚಿತ್ರ ಬಿಡಿಸಿ ಬರೆದ ಕಾಗದ ಅದು. ಆ ಹುಡುಗ ಕಾಗದವನ್ನು ಜೋಪಾನವಾಗಿ ಇಟ್ಟಿದ್ದ, ಏಳು ವರ್ಷದ ಮೇಲೆ ಆಕೆ ಅದನ್ನೇ ಅವನಿಂದ ಎರವಲು ಪಡೆದು ಪುಸ್ತಕ ಮಾಡಿದಳು. ಪ್ರಕಾಶಕರು ಒಬ್ಬೊಬ್ಬರಾಗಿ ಬೇಡ ಅಂದರು. 1901ರ ಡಿಸೆಂಬರಿನಲ್ಲಿ ಸ್ವಂತ ದುಡ್ಡು ಹಾಕಿ 250 ಪ್ರತಿ ಅಚ್ಚು ಮಾಡಿಸಿದಳು. (ನಮ್ಮ ಪತ್ರಿಕೆಯೂ ಹೆಚ್ಚುಕಡಿಮೆ ಅಷ್ಟೇ ಪ್ರತಿ. ಎರಡನೇ ಮುದ್ರಣ ಕಂಡದ್ದೇ ಇಲ್ಲವಾದ್ದರಿಂದ ನಿಮ್ಮ ಕೈಯಲ್ಲಿರುವುದೂ ಪ್ರಥಮ ಮುದ್ರಣವೇ, ದಯವಿಟ್ಟು ಭೇಲ್ ಕಟ್ಟಬೇಡಿ.) 1902ರ ಅಕ್ಟೋಬರಿನಲ್ಲಿ ವಾರ್ನ್ ಕಂಪನಿಯವರು ಒಂದು ಶಿಲಿಂಗಿಗೆ ಸಿಗುವ ಹಾಗೆ ಎಂಟು ಸಾವಿರ ಪ್ರತಿ ಹಾಕಿದರು. ಪುಸ್ತಕ ಸಣ್ಣದಿರಬೇಕು, ಮಗುವಿನ ಕೈಗೆ ಹಿಡಿಯಬೇಕು, ಅಗ್ಗವಾಗಿರಬೇಕು, ಇದು ಆಕೆಯ ಹಟ.

ಎಂಟು ಸಾವಿರ ಕಡಿಮೆ ಸಂಖ್ಯೆಯಲ್ಲ. ಹಾಗಾದರೆ ಈಗ ಅದು ದುರ್ಲಭ ಹೇಗಾಯಿತು? ಮಕ್ಕಳು ಓದಿದ್ದರಿಂದ. ಕಚ್ಚಿದ್ದರಿಂದ, ತಟ್ಟೆಯ ಪಕ್ಕ ಇಟ್ಟುಕೊಂಡು ಸಾರು ಚೆಲ್ಲಿದ್ದರಿಂದ, ತಂಗಿ ಎಳೆದಳು ಅಣ್ಣ ಬಿಡಲಿಲ್ಲ ಅಂತ ಎರಡು ಹೋಳಾಗಿದ್ದರಿಂದ. ನಮಗೆ ಮೊದಲ ವರ್ಷದಲ್ಲಿ ಸವಕಳಿಯ ಅಧ್ಯಾಯ ಇತ್ತು. ಯಂತ್ರ ಉಪಯೋಗಿಸಿದಷ್ಟೂ ಸವೆಯುತ್ತದೆ, ಸವೆದಷ್ಟು ಮೊತ್ತವನ್ನು ಪ್ರತಿ ವರ್ಷ ಬೆಲೆಯಲ್ಲಿ ಕಳೆಯಬೇಕು. ಸರಿ. ಆದರೆ ಯಂತ್ರ ಸವೆಯುವಾಗ ಸಾಮಾನು ಹುಟ್ಟುತ್ತದೆ, ಅದನ್ನು ಇನ್ನೊಂದು ಕಡೆ ಜಮಾ ಮಾಡುತ್ತೇವೆ. ಮಕ್ಕಳ ಪುಸ್ತಕ ಸವೆದಾಗ ಹುಟ್ಟಿದ್ದನ್ನು ಎಲ್ಲಿ ಜಮಾ ಮಾಡಿದಿರಿ? ಆ ಏಳು ಸಾವಿರದ ಚಿಲ್ಲರೆ ಪ್ರತಿಗಳು ತಮ್ಮ ಕೆಲಸ ಮಾಡಿ ಸತ್ತವು. ಉಳಿದ ಕೆಲವು, ಯಾವ ಮಗುವೂ ಮುಟ್ಟದೆ ಇದ್ದವು, ಈಗ ಗಾಜಿನ ಬೀರುವಿನಲ್ಲಿ ಕೂತು ದೊಡ್ಡಸ್ತಿಕೆ ಮಾಡುತ್ತಿವೆ. ಪರೀಕ್ಷೆಗೆ ಹೋಗದ ಹುಡುಗ ಒಂದೂ ತಪ್ಪು ಉತ್ತರ ಬರೆದಿಲ್ಲ ಅಂತ ಬಹುಮಾನ ಕೊಟ್ಟ ಹಾಗೆ.

ಇದಕ್ಕಿಂತ ದೊಡ್ಡ ಉದಾಹರಣೆ 'ಆಲಿಸ್'. 1865ರಲ್ಲಿ ಎರಡು ಸಾವಿರ ಪ್ರತಿ ಅಚ್ಚಾಯಿತು. ಚಿತ್ರಕಾರ ಟೆನಿಯಲ್ ನೋಡಿ, ತನ್ನ ಚಿತ್ರಗಳು ಸರಿಯಾಗಿ ಮೂಡಿಲ್ಲ ಅಂತ ತಕರಾರು ತೆಗೆದ. ಲೂಯಿಸ್ ಕ್ಯಾರಲ್ ಇಡೀ ಮುದ್ರಣವನ್ನೇ ಹಿಂತೆಗೆದುಕೊಂಡ, ಸ್ನೇಹಿತರಿಗೆ ಕೊಟ್ಟಿದ್ದ ಪ್ರತಿಗಳನ್ನೂ ವಾಪಸು ಕೇಳಿದ. ಕಟ್ಟದೆ ಉಳಿದ ಹಾಳೆಗಳು ನ್ಯೂಯಾರ್ಕಿನ ಒಬ್ಬ ಪ್ರಕಾಶಕನಿಗೆ ಮಾರಾಟವಾದವು. ಸ್ನೇಹಿತರು ವಾಪಸು ಕೊಟ್ಟ ಪ್ರತಿಗಳನ್ನು ಆತ ಏನು ಮಾಡಿದ? ಮಕ್ಕಳ ಆಸ್ಪತ್ರೆಗಳಿಗೆ ದಾನ ಕೊಟ್ಟ. ಈಗ ಆ ಮುದ್ರಣದ ಇಪ್ಪತ್ತಮೂರರ ಆಸುಪಾಸು ಪ್ರತಿಗಳು ಮಾತ್ರ ಜಗತ್ತಿನಲ್ಲಿ ಇವೆ. 1998ರ ಹರಾಜಿನಲ್ಲಿ ಒಂದಕ್ಕೆ 15 ಲಕ್ಷ 40 ಸಾವಿರ ಡಾಲರ್ ಬಂತು. ಜ್ವರ ಬಂದು ಮಲಗಿದ್ದ ಯಾವುದೋ ಬಡ ಹುಡುಗ ಹಾಸಿಗೆಯ ಮೇಲೆ ಅದೇ ಪುಸ್ತಕವನ್ನು ಓದಿ ಓದಿ ಹರಿದಿದ್ದಾನೆ. ನಷ್ಟ ಎಷ್ಟು ಅಂತ ಕೇಳಿದರೆ ನಾನು ಸೊನ್ನೆ ಅಂತ ಬರೆಯುತ್ತೇನೆ. ಪರೀಕ್ಷಕರು ಫೇಲ್ ಮಾಡಲಿ.

ಇನ್ನೊಂದು ಜಾತಿಯ ಪುಸ್ತಕಗಳಿವೆ, ಅವು ಹುಟ್ಟುವಾಗಲೇ ಬೀರುವಿಗೆಂದು ಹುಟ್ಟಿದವು. ಆರ್ಥರ್ ರ‍್ಯಾಕಮ್ ಎಂಬ ಚಿತ್ರಕಾರ 1906ರಲ್ಲಿ 'ಪೀಟರ್ ಪ್ಯಾನ್ ಇನ್ ಕೆನ್ಸಿಂಗ್ಟನ್ ಗಾರ್ಡನ್ಸ್'ಗೆ ಚಿತ್ರ ಬರೆದ. ಅದರಲ್ಲಿ 500 ಪ್ರತಿ ಪ್ರತ್ಯೇಕ, ಪ್ರತಿಯೊಂದಕ್ಕೂ ಅವನ ಸಹಿ. 1926ರಲ್ಲಿ 'ವಿನ್ನಿ ದ ಪೂ' ಬಂದಾಗಲೂ ಹಾಗೇ, ಕೈಕಾಗದದ ಮೇಲೆ 350 ಪ್ರತಿ, ಬರೆದ ಮಿಲ್ನ್ ಮತ್ತು ಚಿತ್ರಿಸಿದ ಷೆಪರ್ಡ್ ಇಬ್ಬರ ಸಹಿಯೊಂದಿಗೆ. ಅದೂ ಸಾಲದೆಂದು ಜಪಾನಿನ ಕಾಗದದ ಮೇಲೆ ಇನ್ನೂ 20. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಇದಕ್ಕೆ ಕೃತಕ ಅಭಾವ ಅನ್ನುತ್ತಾರೆ. ಈರುಳ್ಳಿಯಲ್ಲಿ ಮಾಡಿದರೆ ಪೊಲೀಸರು ಬರುತ್ತಾರೆ. ಪುಸ್ತಕದಲ್ಲಿ ಮಾಡಿದರೆ ಅಭಿರುಚಿ. ಸಾಹೇಬರ ತಂದೆ ಲಂಡನ್ನಿನಲ್ಲಿ ಕೊಂಡ ಒಂದು ರ‍್ಯಾಕಮ್ ಬೀರುವಿನ ನಡುಖಾನೆಯಲ್ಲಿದೆ. ಚಿತ್ರಗಳು ಅದ್ಭುತ, ಸುಳ್ಳು ಹೇಳಲಾರೆ. ಬೇರುಗಳಿಗೆ ಬೆರಳು ಬಂದ ಮರಗಳು, ಅವುಗಳ ಸಂದಿಯಲ್ಲಿ ಕಿವಿ ಚೂಪಾದ ಕುಳ್ಳರು. ಕೈಚೀಲ ಹಾಕಿಕೊಂಡು ಪುಟ ತಿರುವುವಾಗ ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಹೋದ ಹಾಗಿತ್ತು.

ಸಹಿಯ ಬಗ್ಗೆ ನನ್ನ ಅಭಿಪ್ರಾಯವನ್ನು ನನಗಿಂತ ಚೆನ್ನಾಗಿ ಹೇಳಿದವನು ಒಬ್ಬ ಸಣ್ಣ ಹುಡುಗ. ಸೆಂಡಾಕ್ ಸ್ವತಃ ಸಂದರ್ಶನದಲ್ಲಿ ಹೇಳಿಕೊಂಡದ್ದು ಇದು. ಸಹಿಗಾಗಿ ಜನ ಸಾಲು ನಿಂತಿದ್ದರು. ಅಪ್ಪ ಹುಡುಗನನ್ನು ಮುಂದಕ್ಕೆ ನೂಕುತ್ತಿದ್ದ, ಹುಡುಗ ಪುಸ್ತಕ ಬಿಗಿಯಾಗಿ ಹಿಡಿದುಕೊಂಡಿದ್ದ. ಕೊನೆಗೆ ಸೆಂಡಾಕ್ ಪೆನ್ನು ಎತ್ತಿದಾಗ, ನನ್ನ ಪುಸ್ತಕ ಹಾಳು ಮಾಡಬೇಡ ಅಂತ ಜೋರಾಗಿ ಕೂಗಿಬಿಟ್ಟನಂತೆ. ಪುಸ್ತಕದ ಮೇಲೆ ಗೀಚಬಾರದು ಅಂತ ಮನೆಯಲ್ಲಿ ದಿನಾ ಹೇಳಿಕೊಟ್ಟು, ಈಗ ಯಾರೋ ಗಡ್ಡದ ಮುದುಕ ಗೀಚಲಿ ಅಂದರೆ ಹೇಗೆ? ಸೆಂಡಾಕ್ ಹುಡುಗನ ಪಕ್ಷವನ್ನೇ ವಹಿಸಿದ. ಅವನದೇ ಇನ್ನೊಂದು ಸಂಗತಿ. ಒಬ್ಬ ಹುಡುಗ ಮೆಚ್ಚಿ ಕಾಗದ ಬರೆದನೆಂದು ಸೆಂಡಾಕ್ ಒಂದು ಕಾರ್ಡಿನ ಮೇಲೆ ಕೈಯಾರೆ ಚಿತ್ರ ಬಿಡಿಸಿ ಕಳಿಸಿದ. ತಾಯಿಯಿಂದ ಉತ್ತರ ಬಂತು, ಹುಡುಗನಿಗೆ ಕಾರ್ಡು ಎಷ್ಟು ಇಷ್ಟವಾಯಿತೆಂದರೆ ಅದನ್ನು ತಿಂದುಬಿಟ್ಟ! ಅದಕ್ಕಿಂತ ದೊಡ್ಡ ಮೆಚ್ಚುಗೆ ತನಗೆ ಸಿಕ್ಕಿಲ್ಲ ಅಂತ ಆತ ಹೇಳುತ್ತಿದ್ದ. ಹರಾಜಿನವರು ಕೇಳಿದರೆ ಎದೆ ಹಿಡಿದುಕೊಂಡು ಕೂರುತ್ತಾರೆ.

ಇದನ್ನು ಓದಿ, ಇವನು ಬಹಳ ಶುದ್ಧ ಮನುಷ್ಯ ಅಂತ ತಿಳಿಯಬೇಡಿ. ಹೋದ ವರ್ಷ ನಮ್ಮ ಸಂಘಕ್ಕೆ ಬಂದ ಕವಿಗಳ ಮುಂದೆ ಸಾಲಿನಲ್ಲಿ ನಿಂತು ನಾನೂ ಸಹಿ ಹಾಕಿಸಿಕೊಂಡೆ. 'ಪ್ರೀತಿಯಿಂದ' ಅಂತ ಬರೆದುಕೊಟ್ಟರು. ಆ ಸಂಕಲನವನ್ನು ಇವತ್ತಿನವರೆಗೆ ಓದಿಲ್ಲ. ಸಹಿ ಸಿಕ್ಕಮೇಲೆ ಓದುವ ಅಗತ್ಯವೇ ಮುಗಿದುಹೋದ ಹಾಗಾಯಿತು.

ಮೂರನೇ ಭಾನುವಾರ ಸಾಹೇಬರ ಮೊಮ್ಮಗಳು ಬಂದಿದ್ದಳು. ಆರು ವರ್ಷದ ಮಗು. ಸೆಂಡಾಕನ ಪುಸ್ತಕದ ಮುಖಪುಟದಲ್ಲಿ ಮಲಗಿರುವ ಕೊಂಬಿನ ಪ್ರಾಣಿ ನೋಡಿ, ಅಜ್ಜಾ ಅದು ಬೇಕು ಅಂದಳು. ಅಜ್ಜ ಬೀರುವಿನ ಬಾಗಿಲು ಹಾಕಿ, ಡ್ರಾಯರಿನಿಂದ ಅದೇ ಪುಸ್ತಕದ ಅಗ್ಗದ ಪ್ರತಿ ತೆಗೆದುಕೊಟ್ಟರು. ಅದೇ ಕಥೆ, ಅದೇ ಚಿತ್ರ. ಪುಣ್ಯಾತ್ಮರು ಅವಳಿಗೆಂದೇ ತಂದಿಟ್ಟಿದ್ದರು. "ಅದು ಯಾಕೆ ಒಳಗೆ?" ಅಂತ ಕೇಳಿದಳು. "ಅದರಲ್ಲಿ ಬರೆದವರು ಹೆಸರು ಬರೆದಿದ್ದಾರೆ" ಅಂದರು. ಮುಂದಿನ ಭಾನುವಾರ ಹೋದಾಗ ಸೋಫಾದ ಮೇಲೆ ಅವಳ ಪುಸ್ತಕ ಬಿದ್ದಿತ್ತು. ಎಲ್ಲಾ ಪುಟದಲ್ಲೂ ನೇರಳೆ ಸ್ಕೆಚ್ ಪೆನ್ನಿನಲ್ಲಿ ತನ್ನ ಹೆಸರು ಬರೆದಿದ್ದಳು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಸಂಗ್ರಾಹಕರಿಗೆ ಬೈಗುಳವಾಗಿ ಮುಗಿಯುತ್ತಿತ್ತು. ಹಾಗೇ ಬರೆಯಬೇಕೆಂದಿದ್ದೆ. ಆದರೆ ನಾಲ್ಕನೇ ಭಾನುವಾರ ನಾನು ಒಂದು ಬುದ್ಧಿವಂತಿಕೆ ಮಾಡಲು ಹೋಗಿ ಸಿಕ್ಕಿಬಿದ್ದೆ. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಓದಿದ್ದು ಇದೇ ಊರಿನ ಒಂದು ಕನ್ನಡ ಶಾಲೆಯಲ್ಲಿ. ಮೊದಲ ಇಯತ್ತೆಯಿಂದ ಹತ್ತರವರೆಗೆ ಕನ್ನಡ ಮಾಧ್ಯಮ. ನಾನು ಹೊರಬಿದ್ದ ಎರಡು ವರ್ಷಕ್ಕೆ ಮಕ್ಕಳು ಸಾಲದೆ ತರಗತಿಗಳು ಮುಚ್ಚಿದವು. ಕಾಲೇಜಿಗೆ ಯಾವುದೋ ದಾಖಲೆ ಬೇಕಾಗಿ ಹೋದವನು ನೋಡುತ್ತೇನೆ, ವರಾಂಡದಲ್ಲಿ ರದ್ದಿಯವನು ತಕ್ಕಡಿ ಹಿಡಿದು ಕೂತಿದ್ದಾನೆ. ಮುಂದೆ ನಮ್ಮ ಲೈಬ್ರರಿ. ಲೈಬ್ರರಿ ಅಂದರೆ ಎರಡು ತಗಡಿನ ಪೆಟ್ಟಿಗೆ, ಶನಿವಾರ ಕೊನೆಯ ಪಿರಿಯಡ್ಡಿಗೆ ಟೀಚರು ಬೀಗ ತೆಗೆಯುತ್ತಿದ್ದರು. ಪುಸ್ತಕ ಕಿಲೋ ಲೆಕ್ಕದಲ್ಲಿ ಹೋಗುತ್ತಿತ್ತು. ಯಾರನ್ನು ದೂರಲಿ? ಜವಾನ ಅವನ ಕೆಲಸ ಮಾಡುತ್ತಿದ್ದ. ಕೈಗೆ ಸಿಕ್ಕ ಒಂದನ್ನು ಎತ್ತಿಕೊಂಡೆ, ರದ್ದಿಯವನು ಹತ್ತು ರೂಪಾಯಿ ಅಂದ, ಕೊಟ್ಟೆ. ಇಡೀ ಪೆಟ್ಟಿಗೆಗೆ ಕೊಡುವಷ್ಟು ದುಡ್ಡು ಜೇಬಿನಲ್ಲಿ ಇರಲಿಲ್ಲ. ಓಡಿಹೋಗಿ ಯಾರನ್ನಾದರೂ ಕೇಳಿ ತರಬಹುದಿತ್ತು. ತರಲಿಲ್ಲ. ಲೋಕಲ್ ತಪ್ಪುತ್ತದೆ ಅಂತ ಹೊರಟುಬಿಟ್ಟೆ.

ಅದು ಒಂದು ಚಿತ್ರಪುಸ್ತಕ. ಕರಡಿ, ಜೇನು, ಒಬ್ಬ ಮುದುಕಿ. ರಕ್ಷಾಪುಟ ಇಲ್ಲ, ಒಳಪುಟವೂ ಇಲ್ಲ, ಮೂರನೇ ಪುಟದಿಂದಲೇ ಶುರು. ಬರೆದವರು ಯಾರೋ, ಚಿತ್ರ ಯಾರದೋ. ಆದರೆ ಅಂಚುಗಳಲ್ಲೆಲ್ಲ ಹೆಸರುಗಳು. ನೀಲಿ ಶಾಯಿ, ಪೆನ್ಸಿಲು, ಕೆಂಪು ಬಳಪ. ಹೆಸರು, ಇಯತ್ತೆ, ಕೆಲವರು ರೋಲ್ ನಂಬರನ್ನೂ ಹಾಕಿದ್ದಾರೆ. ನಮ್ಮಪ್ಪ ಊರಿಂದ ಬಂದು ಕ್ಯಾಂಟೀನಿಗೆ ಸೇರಿದ ಕಾಲದ ಮಕ್ಕಳಿಂದ ಹಿಡಿದು ನಮ್ಮ ಬ್ಯಾಚಿನವರೆಗೆ. ಹನ್ನೊಂದನೇ ಪುಟದಲ್ಲಿ ಕರಡಿಯ ಎಡಗಾಲಿನ ಪಕ್ಕ ನನ್ನದೂ ಇದೆ, ಇಯತ್ತೆ ಮೂರನೆಯದು. ಅದರ ಕೆಳಗೆ ಬೇರೆ ಅಕ್ಷರದಲ್ಲಿ ನನ್ನ ಬಗ್ಗೆ ಒಂದು ಮಾತು ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ನಾಲ್ಕನೇ ಭಾನುವಾರ ಇದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಕೊನೆಯ ಪುಸ್ತಕದ ವಿವರ ಬರೆದಾದ ಮೇಲೆ, "ಸರ್, ಇದಕ್ಕೆ ಎಷ್ಟು ಬರೆಯಲಿ?" ಅಂತ ಮುಂದಿಟ್ಟೆ. ಅವರು ಸೊನ್ನೆ ಅನ್ನಬೇಕು, ನಾನು ಆ ಹೆಸರುಗಳನ್ನು ತೋರಿಸಿ ಒಂದು ಭಾಷಣ ಹೊಡೆಯಬೇಕು, ಇದು ನನ್ನ ಯೋಜನೆ. ಚರ್ಚಾಸ್ಪರ್ಧೆಯ ಅಭ್ಯಾಸ ನೋಡಿ.

ಸಾಹೇಬರು ಕೈಚೀಲ ತೆಗೆಯಲಿಲ್ಲ. ನಮ್ಮ ಆ ಹರಕು ಪುಸ್ತಕವನ್ನೂ ರ‍್ಯಾಕಮ್ಮನ್ನು ಹಿಡಿದ ಹಾಗೇ ಎರಡು ಕೈಯಲ್ಲಿ ಹಿಡಿದು ಒಂದೊಂದೇ ಪುಟ ತಿರುವಿದರು. ಕನ್ನಡ ಬರದವರು, ಹೆಸರುಗಳನ್ನು ನನ್ನಿಂದ ಓದಿಸಿಕೊಂಡರು. ಆಮೇಲೆ ಅಂದರು, "ಬೆಲೆ ಇಲ್ಲ. ಸರಿ. ಇದರ ಒಳ್ಳೆಯ ಪ್ರತಿ ಎಲ್ಲಿದೆ?"

ನನಗೆ ಗೊತ್ತಿಲ್ಲ ಅಂದೆ.

"ಯಾರು ಬರೆದದ್ದು?"

ಗೊತ್ತಿಲ್ಲ.

"ಚಿತ್ರ ಚೆನ್ನಾಗಿದೆ. ಯಾರು?"

ಅದೂ ಗೊತ್ತಿಲ್ಲ. ಭಾಷಣ ಗಂಟಲಲ್ಲೇ ಉಳಿಯಿತು. ಅವರು ಸೋಲಿಸಬೇಕೆಂದು ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದ್ದು. ಅದೇ ಹೆಚ್ಚು ಚುಚ್ಚಿತು.

ಓದಿ ಹರಿದ ಪುಸ್ತಕ ಧನ್ಯ ಅಂತ ಇಷ್ಟು ಹೊತ್ತು ವಾದ ಮಾಡಿದೆ. ಆದರೆ ನಮ್ಮ ಪೆಟ್ಟಿಗೆಯ ಪುಸ್ತಕಗಳನ್ನೆಲ್ಲ ಮಕ್ಕಳು ಹರಿಯಲಿಲ್ಲವಲ್ಲ! ಮಕ್ಕಳು ಬರುವುದು ನಿಂತಮೇಲೆ ತಕ್ಕಡಿ ತಿಂದದ್ದು. ಪಾಟರಳ ಆ ಎಂಟು ಸಾವಿರದಲ್ಲಿ ಹೆಚ್ಚಿನವು ಸತ್ತರೂ ಅವಳ ಮೊಲ ಸಾಯಲಿಲ್ಲ, ಯಾಕೆಂದರೆ ಅಂದಿನಿಂದ ಅಚ್ಚಾಗುತ್ತಲೇ ಇದೆ, ಮೊದಲ ಪ್ರತಿ ಹೇಗಿತ್ತು ಅಂತ ನೋಡಬೇಕಾದವರಿಗೆ ಯಾರೋ ಒಬ್ಬ ಹುಚ್ಚ ಕಾದಿಟ್ಟಿದ್ದಾನೆ. ನಮ್ಮ ಕರಡಿಗೆ ಎರಡೂ ಇಲ್ಲ.

ಸಾಹಿತ್ಯ ವಿಭಾಗದ ನನ್ನ ಗೆಳೆಯನೊಬ್ಬ ಹೇಳುತ್ತಾನೆ, ಪುಸ್ತಕ ಇರುವುದು ಓದುವುದಕ್ಕೆ, ಕೂಡಿಡುವುದು ಮಾರ್ವಾಡಿ ಬುದ್ಧಿ ಅಂತ. ಮಾರ್ವಾಡಿಗಳ ವಿಷಯ ಬಿಡು, ಅದು ಕೆಟ್ಟ ಮಾತು. ಆದರೆ ಅವನನ್ನೇ ಕೇಳಿದೆ, ಶಿವರಾಮ ಕಾರಂತರು ಮಕ್ಕಳಿಗಾಗಿ ಮಾಡಿದ 'ಬಾಲ ಪ್ರಪಂಚ'ದ ಮೊದಲ ಮುದ್ರಣ ಕಣ್ಣಾರೆ ನೋಡಿದ್ದೀಯಾ? 1936ರದು, ಮೂರು ಸಂಪುಟ. ಇಲ್ಲ ಅಂದ. ನಾನೂ ನೋಡಿಲ್ಲ. 'ಅಮರ ಚಿತ್ರ ಕಥಾ' ಗೊತ್ತಲ್ಲ, ಅದರ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿ ಈ ಮುಂಬಯಿಯಲ್ಲಿ ಬಾಳಿದವರು, 2011ರಲ್ಲಿ ತೀರಿಕೊಂಡರು. ಇಂಗ್ಲಿಷಿನಲ್ಲಿ ಆ ಮಾಲೆ ಹನ್ನೊಂದನೇ ನಂಬರಿನ 'ಕೃಷ್ಣ'ನಿಂದ ಶುರುವಾಗುತ್ತದೆ. ಮೊದಲ ಹತ್ತು ಎಲ್ಲಿ ಅಂದರೆ, ಅವು ಕನ್ನಡದಲ್ಲಿ ಬಂದವು! 1960ರ ದಶಕದ ನಡುವೆ, ಪರದೇಶದ ಕಾಲ್ಪನಿಕ ಕಥೆಗಳ ಕನ್ನಡ ರೂಪ. ದೇಶವೆಲ್ಲ ಓದಿದ ಒಂದು ಮಾಲೆ ನಮ್ಮ ಭಾಷೆಯಲ್ಲಿ ಅಂಬೆಗಾಲಿಟ್ಟಿತು ಅಂತ ಎದೆ ತಟ್ಟಿಕೊಳ್ಳಬಹುದು. ತಟ್ಟಿಕೊಳ್ಳುವ ಮೊದಲು ಒಂದು ಪ್ರತಿ ತೋರಿಸಿ ಅಂದರೆ? ಮಾಟುಂಗಾದಲ್ಲಿ, ಕಿಂಗ್ಸ್ ಸರ್ಕಲಿನ ಫುಟ್‌ಪಾತಿನ ಹಳೇ ಪುಸ್ತಕದವರಲ್ಲಿ, ನಮ್ಮ ಸಂಘದ ಹಿರಿಯರ ಮನೆಗಳಲ್ಲಿ ಕೇಳಿದೆ. ಎಲ್ಲರೂ ಓದಿದ್ದೇವೆ ಅಂದರು. ಯಾರೂ ಇಟ್ಟಿಲ್ಲ.

ಹಾಗಾಗಿ ಪ್ರಥಮ ಮುದ್ರಣದ ಬಗ್ಗೆ ನನ್ನ ತಕರಾರು ಈಗ ಇಲ್ಲ. ಒಂದಾದರೂ ಪ್ರತಿ ಯಾರ ಕೈಗೂ ಸಿಗದ ಹಾಗೆ ಇರಬೇಕು. ಸಹಿಯ ಬಗ್ಗೆ ಮಾತ್ರ ತಕರಾರು ಉಳಿದಿದೆ. ಬಂಗಾಳದ ಸುಕುಮಾರ ರಾಯರ 'ಆಬೋಲ್ ತಾಬೋಲ್' ಇದೆಯಲ್ಲ, ಪದ್ಯವೂ ಅವರದೇ ಚಿತ್ರವೂ ಅವರದೇ, ಮುದ್ರಣದ ಕೆಲಸವನ್ನು ಇಂಗ್ಲೆಂಡಿಗೆ ಹೋಗಿ ಕಲಿತು ಬಂದವರು. ರೋಗಶಯ್ಯೆಯಲ್ಲಿ ಪುಟ ಹೊಂದಿಸಿದರು. 1923ರ ಸೆಪ್ಟೆಂಬರ್ 10ರಂದು ತೀರಿಕೊಂಡರು, ಪುಸ್ತಕ ಹೊರಬಂದದ್ದು 19ರಂದು. ಆ ಪುಸ್ತಕದ ಸಹಿ ಇರುವ ಪ್ರತಿ ಜಗತ್ತಿನಲ್ಲಿ ಇರಲು ಸಾಧ್ಯವೇ ಇಲ್ಲ. ಅದರಿಂದ ಅದಕ್ಕೆ ಏನು ಕಡಿಮೆಯಾಯಿತು?

ಒಂದು ಪ್ರಶ್ನೆ ನೀವು ಕೇಳಬಹುದು, ನಿನ್ನ ಪುಸ್ತಕಕ್ಕೆ ಸಾಹೇಬರು ಒಳ್ಳೆಯ ಬೆಲೆ ಹೇಳಿದ್ದರೆ ಕೊಡುತ್ತಿದ್ದೆಯಾ ಅಂತ. ಕೊಡುತ್ತಿದ್ದೆ. ಫೀಸು ಬಾಕಿ ಇತ್ತು. ಕ್ಯಾರಲ್ ಯಾರಿಗಾಗಿ ಕಥೆ ಕಟ್ಟಿದನೋ ಆ ಆಲಿಸಳೇ ಎಪ್ಪತ್ತೈದು ದಾಟಿದ ಮೇಲೆ, ಗಂಡ ತೀರಿಹೋಗಿ ಕೈ ಬಿಗಿಯಾದಾಗ, ಅವನು ತನಗೆ ಕೈಯಲ್ಲಿ ಬರೆದು ಚಿತ್ರಿಸಿ ಕೊಟ್ಟಿದ್ದ ಮೂಲಪ್ರತಿಯನ್ನು ಹರಾಜಿಗೆ ಇಟ್ಟಳು. 1928ರಲ್ಲಿ, 15,400 ಪೌಂಡಿಗೆ. ಅವಳನ್ನು ನಾನು ತಪ್ಪು ಅನ್ನಲಾರೆ. ಅದು ಅಮೆರಿಕಕ್ಕೆ ಹೋಯಿತು, 1948ರಲ್ಲಿ ಅಲ್ಲಿನ ಕೆಲವರು ಸೇರಿ ದುಡ್ಡು ಹಾಕಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಉಡುಗೊರೆಯಾಗಿ ವಾಪಸು ಕೊಟ್ಟರು. ಮಾರಿದವಳು ಮಾರಿದಳು, ಕೊಂಡವರು ಕೊಂಡರು, ಕೊನೆಗೆ ಹತ್ತು ಜನ ಸೇರಿದ್ದರಿಂದ ಅದು ಎಲ್ಲರ ಸ್ವತ್ತಾಯಿತು. ನನ್ನಂಥವನ ಒಬ್ಬನ ಜೇಬು ಲೋಕಲ್ ತಪ್ಪುತ್ತದೆ ಅಂತ ಓಡುವ ಜೇಬು.

ಆದ್ದರಿಂದ ಸಂಘದ ಮುಂದೆ ನನ್ನ ಒಂದು ಸಲಹೆ ಇಟ್ಟಿದ್ದೇನೆ, ಕಾರ್ಯದರ್ಶಿಗಳು ಮೊನ್ನೆ ಒಪ್ಪಿದ್ದಾರೆ. ಎರಡನೇ ಮಹಡಿಯಲ್ಲಿ ನಮ್ಮ ಬೀರು ಇದೆಯಲ್ಲ, ಡೊಳ್ಳಿನ ಬಟ್ಟೆ, ನಾಟಕದ ಕಿರೀಟ ತುಂಬಿರುವುದು. ಅದರ ಕೆಳಗಿನ ಖಾನೆ ಖಾಲಿ ಮಾಡಿಸಿದ್ದೇನೆ. ದೀಪಾವಳಿಗೆ ಮನೆ ಸಾರಿಸುವಾಗ, ಊರಿಗೆ ಹೋದಾಗ ಅಜ್ಜಿಯ ಅಟ್ಟದಲ್ಲಿ, ಹಳೇ ಟ್ರಂಕಿನಲ್ಲಿ ಕನ್ನಡದ ಮಕ್ಕಳ ಚಿತ್ರಪುಸ್ತಕ ಏನು ಸಿಕ್ಕರೂ ತನ್ನಿ. ರಕ್ಷಾಪುಟ ಇರಲಿ ಇಲ್ಲದಿರಲಿ. ಒಂದೇ ಪುಸ್ತಕದ ಎರಡು ಪ್ರತಿ ಬಂದರೆ ಚೊಕ್ಕದ್ದು ಖಾನೆಯಲ್ಲಿ ಇರುತ್ತದೆ, ಇನ್ನೊಂದು ಮನೆಯಲ್ಲಿ ತಮ್ಮ ತಂಗಿ ಇರುವವರು ಒಯ್ಯಬಹುದು, ಹರಿದು ತಂದರೂ ದಂಡ ಇಲ್ಲ. ಪಟ್ಟಿ ನಾನೇ ಬರೆಯುತ್ತೇನೆ. ಸಾಹೇಬರ ಪಟ್ಟಿಯ ಕಾಲಮ್ಮುಗಳನ್ನೇ ಹಾಕಿದ್ದೇನೆ, ಬೆಲೆಯದ್ದನ್ನು ತೆಗೆದಿದ್ದೇನೆ. ದೋಷದ ಕಾಲಮ್ಮಿನ ಹೆಸರನ್ನು 'ಯಾರು ಯಾರು ಓದಿದರು' ಅಂತ ಬದಲಾಯಿಸಿದ್ದೇನೆ.

ಮೊದಲ ನಂಬರು ಕರಡಿಗೆ ಕೊಟ್ಟಾಗಿದೆ. ಹನ್ನೊಂದನೇ ಪುಟ ತೆಗೆದು ನಗುವವರು ನಗಲಿ. ಆದರೆ ಆ ಕರಡಿ, ಜೇನು, ಮುದುಕಿಯ ಕಥೆಯನ್ನು ಬೇರೆ ಊರಿನಲ್ಲಿ ಓದಿದ ನೆನಪು ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಬರೆದವರ ಹೆಸರು ಗೊತ್ತಿದ್ದರೆ, ಗುರುವಾರ ಮಧ್ಯಾಹ್ನದ ಬಿಡುವಿನಲ್ಲಿ ಬನ್ನಿ. ಬೀರುವಿನ ಕೀಲಿ ಮಾರ್ಚಿಯವರೆಗೆ ನನ್ನ ಹತ್ತಿರವೇ ಇರುತ್ತದೆ.